ಘಾಟಿನ ನೆತ್ತಿಯ ಪೇಟೆ: ಘೋಟಿ

ನಾಸಿಕದಿಂದ ಮುಂಬೈ ಕಡೆಗೆ ಹೊರಟರೆ ಇಗತ್‌ಪುರಿಗೆ ಸ್ವಲ್ಪ ಮುಂಚೆ ಸಿಗುವ ಪೇಟೆ ಘೋಟಿ. ಕೊಂಕಣದಿಂದ ಥಳ್ ಘಾಟ್ ಹತ್ತಿ ಬಂದವರಿಗೆ ಸಹ್ಯಾದ್ರಿಯ ನೆತ್ತಿಯ ಮೇಲೆ ಸಿಗುವ ಮೊದಲ ದೊಡ್ಡ ಊರುಗಳಲ್ಲಿ ಇದೂ ಒಂದು. ಹಳೆಯ ಮುಂಬೈ–ಆಗ್ರಾ ರಸ್ತೆ ಊರನ್ನು ಹಾದುಹೋಗುತ್ತದೆ; ಸಿನ್ನರ್ ಕಡೆಯ ದಾರಿ ಇಲ್ಲೇ ಕವಲೊಡೆಯುತ್ತದೆ. 1865ರಲ್ಲಿ ಥಳ್ ಘಾಟಿನ ರೈಲುಮಾರ್ಗ ತೆರೆದ ಮೇಲೆ ಹೇರೆತ್ತುಗಳ ಸಾಲು ಕರಗಿತು. ಭತ್ತದ ವ್ಯಾಪಾರ ಮಾತ್ರ ಉಳಿಯಿತು. ಈಗಲೂ ಘೋಟಿಯೆಂದರೆ ಅಕ್ಕಿ ಗಿರಣಿಗಳ ಊರು.

ಈ ಸೀಮೆಯ ಮಳೆ ನಮ್ಮ ಮಲೆನಾಡಿನ ಮಳೆ. ಮುಂಗಾರಿಗೆ ಮುಂಚೆ ಸೊಪ್ಪುಸದೆ, ಸಗಣಿ ಹರಡಿ ಸುಟ್ಟು, ಆ ಬೂದಿಯ ಮೇಲೆ ಭತ್ತದ ಅಗೆ ಹಾಕುತ್ತಾರೆ. ‘ರಾಬ್’ ಎನ್ನುತ್ತಾರೆ ಅದಕ್ಕೆ. ಗದ್ದೆಗೆ ಇಳಿಯುವುದು ದಾಂಗಿ ತಳಿಯ ಎತ್ತು. ಅದರ ಚರ್ಮ ಎಣ್ಣೆಯಂಥ ಜಿಡ್ಡನ್ನು ಒಸರುವುದರಿಂದ ದಿನವಿಡೀ ಸುರಿದರೂ ಅದು ಮಳೆಯನ್ನು ತಡೆದುಕೊಳ್ಳುತ್ತದೆ. ಅದೇ ಸಿನ್ನರ್ ರಸ್ತೆಯಲ್ಲಿ ಪೂರ್ವಕ್ಕೆ ಹೋಗುತ್ತಿದ್ದಂತೆ ಮಳೆ ಹಿಂದೆ ಬಿದ್ದು ಸಜ್ಜೆಯ ಹೊಲಗಳು ಶುರುವಾಗುತ್ತವೆ. ಭತ್ತ ಬೆಳೆಯುವವರು, ಸಜ್ಜೆ ಬೆಳೆಯುವವರು, ಘಟ್ಟದ ಕೆಳಗಿನಿಂದ ಉಪ್ಪು ತರುವವರು ಮೂವರೂ ಸೇರಬಹುದಾದ ಜಾಗದಲ್ಲಿ ಪೇಟೆ ಹುಟ್ಟದೆ ಇರುವುದು ಕಷ್ಟ.

ಇಂಥ ಪೇಟೆಯ ಹಳೆಯ ಬದುಕು ತಿಳಿಯಬೇಕಾದರೆ ಸುತ್ತಲಿನ ಸೀಮೆಯಲ್ಲಿ ಸಿಕ್ಕಿದ ವಸ್ತುಗಳನ್ನು ಕೈಗೆತ್ತಿಕೊಳ್ಳಬೇಕು. ಅವನ್ನು ನೋಡಿದಷ್ಟೂ ನನಗೆ ಗಟ್ಟಿಯಾಗುವುದು ಒಂದೇ ಮಾತು: ಈ ದಾರಿಯಲ್ಲಿ ದೊರೆಗಳು ಬದಲಾದರು, ವ್ಯವಹಾರದ ಕಟ್ಟುಪಾಡು ಜನರ ಕೈಯಲ್ಲೇ ಉಳಿಯಿತು.

ಮೊದಲು ನಾಣ್ಯ. ಘೋಟಿಯ ದಕ್ಷಿಣದ ಕುಲಂಗ್ ಬೆಟ್ಟದ ಕಡೆ ಹುಟ್ಟುವ ದಾರಣಾ ನದಿ ಕೆಳಗೆ ಹರಿದು ಗೋದಾವರಿ ಸೇರುತ್ತದೆ. ಅದೇ ಗೋದಾವರಿ ದಂಡೆಯ ಜೋಗಲ್‌ಥೆಂಬಿಯಲ್ಲಿ 1906ರಲ್ಲಿ 13,250 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಎಲ್ಲವೂ ಕ್ಷಹರಾತ ದೊರೆ ನಹಪಾನನವು. ಅವುಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳ ಮೇಲೆ ಅವನನ್ನು ಸೋಲಿಸಿದ ಗೌತಮೀಪುತ್ರ ಶಾತಕರ್ಣಿ ತನ್ನ ಅಚ್ಚು ಒತ್ತಿಸಿದ್ದಾನೆ. ಒಂದನ್ನು ಹತ್ತಿರದಿಂದ ನೋಡಿದರೆ ನಹಪಾನನ ಮೂಗು, ಗಲ್ಲ, ಅಂಚಿನ ಗ್ರೀಕ್ ಅಕ್ಷರಗಳ ತುಣುಕು ಇನ್ನೂ ಕಾಣುತ್ತವೆ. ಅವುಗಳ ಮೇಲೆಯೇ ಕಮಾನುಗಳ ಬೆಟ್ಟದಂಥ ಚಿಹ್ನೆ ಅಡ್ಡಡ್ಡ ಕೂತಿದೆ. ಗೆದ್ದವನು ಬೆಳ್ಳಿಯನ್ನು ಕರಗಿಸಿ ಹೊಸ ತೂಕದ ನಾಣ್ಯ ಮಾಡಿಸಬಹುದಿತ್ತು, ಮಾಡಿಸಲಿಲ್ಲ. ಪೇಟೆ ಆ ತೂಕವನ್ನು ನಂಬಿತ್ತು, ಆ ನಂಬಿಕೆಯನ್ನು ಅಲುಗಿಸುವ ಧೈರ್ಯ ಗೆದ್ದ ದೊರೆಗೂ ಇರಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ.

ನಾಸಿಕದ ಪಾಂಡವಲೇಣಿಯ ಹತ್ತನೆಯ ಗುಹೆಯಲ್ಲಿ ನಹಪಾನನ ಅಳಿಯ ಉಷವದಾತ ಕೆತ್ತಿಸಿದ ಲೆಕ್ಕವೂ ಇದಕ್ಕೆ ಒಗ್ಗುತ್ತದೆ. ನಾಸಿಕದ ಬಳಿಯ ಗೋವರ್ಧನದ ನೇಕಾರರ ಎರಡು ಸಂಘಗಳಲ್ಲಿ ಅವನು 3,000 ಕಾರ್ಷಾಪಣ ಇಡುತ್ತಾನೆ. ಅಸಲು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಬಳಸಬೇಕು. 2,000ಕ್ಕೆ ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ. ವರ್ಷಕ್ಕೆ 240 ಆಗುತ್ತದೆ. ಗುಹೆಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12ರಂತೆ ಚೀವರದ, ಅಂದರೆ ಉಡುವ ಬಟ್ಟೆಯ, ಹಣ, ಲೆಕ್ಕ ಸರಿಹೋಯಿತು. ಉಳಿದ 1,000ಕ್ಕೆ ಬಡ್ಡಿ ಮುಕ್ಕಾಲು. ರಾಜನ ಅಳಿಯನೇ ತನ್ನ ದಾನವನ್ನು ಒಪ್ಪಿಸಿದ್ದು ಮಗ್ಗದವರ ಕೈಗೆ. ಈ ಮೊತ್ತವನ್ನು ವಹಿಸಿಕೊಳ್ಳುವಷ್ಟು ಅವರ ಸಂಘ ಗಟ್ಟಿಯಾಗಿತ್ತು, ದೊರೆಗಿಂತ ಹೆಚ್ಚು ಕಾಲ ಬಾಳುತ್ತದೆಂಬ ಭರವಸೆಯೂ ಇತ್ತು.

ಕನ್ನಡಿಗನಾಗಿ ನನಗೆ ಹೆಚ್ಚು ಹತ್ತಿರವಾದದ್ದು ಅಂಜನೇರಿಯ ತಾಮ್ರಪಟಗಳು. ಘೋಟಿಯಿಂದ ತ್ರ್ಯಂಬಕದ ದಾರಿ ಹಿಡಿದು ಹೋದರೆ ಅಂಜನೇರಿ ಸಿಗುತ್ತದೆ. ವಾ. ವಿ. ಮಿರಾಶಿ ಪ್ರಕಟಿಸಿದ ಈ ಪಟಗಳು ಕ್ರಿ.ಶ. 710ರ ಸುಮಾರಿನವು. ಬರೆಸಿದವನು ಭೋಗಶಕ್ತಿ, ಹರಿಶ್ಚಂದ್ರ ವಂಶದವನು. ಅವನ ಮನೆತನ ಬಾದಾಮಿ ಚಾಲುಕ್ಯರ ಆಶ್ರಯದಲ್ಲಿ ಬೆಳೆದದ್ದು. ಅವನ ಅಜ್ಜ ಸ್ವಾಮಿಚಂದ್ರನನ್ನು ಚಾಲುಕ್ಯ ದೊರೆ ವಿಕ್ರಮಾದಿತ್ಯ ಮಗನಂತೆ ಕಂಡಿದ್ದ. ಹಾಳುಬಿದ್ದಿದ್ದ ಸಮಗಿರಿಪಟ್ಟಣವನ್ನು ಭೋಗಶಕ್ತಿ ಮತ್ತೆ ನೆಲೆಗೊಳಿಸುತ್ತಾನೆ. ಹಾಗೆ ಮಾಡುವಾಗ ಅವನು ವರ್ತಕರಿಗೆ ಒಪ್ಪಿಕೊಂಡ ಷರತ್ತುಗಳೇ ಪಟದ ಜೀವ. ವರ್ತಕರು ಸುಂಕ ಕೊಡಬೇಕಿಲ್ಲ. ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿ ಅರಮನೆಗೆ ಹೋಗುವುದಿಲ್ಲ. ರಾಜಭಟರಿಗೆ ಬಿಡಾರ, ಊಟ ಒದಗಿಸುವ ಹೊರೆ ಊರಿನ ಮೇಲೆ ಇಲ್ಲ. ತಪ್ಪುಗಳಿಗೆ ದಂಡ ಗೊತ್ತುಮಾಡಿದೆ: ಕನ್ಯೆಯ ಮೇಲೆ ಕೈಮಾಡಿದವನಿಗೆ 108 ರೂಪಕ, ತಲೆಗೆ ಗಾಯ ಮಾಡಿದವನಿಗೆ ಕೇವಲ ನಾಲ್ಕು. ಹೊರೆ ಹೊರುವ ಕೂಲಿ ಹೆಂಗಸಿನ ಜೊತೆ ವರ್ತಕನ ಮಗ ಕೂಡಿದರೂ 108 ಕೊಡಬೇಕು. ತೀರ್ಮಾನಿಸಲು ಊರಿನ ಎಂಟು ಅಥವಾ ಹದಿನಾರು ಹಿರಿಯರು ಸಾಕು.

ಆ ಕೂಲಿ ಹೆಂಗಸಿನ ಸಾಲಿಗೆ ಬಂದಾಗಲೆಲ್ಲ ನಾನು ನಿಲ್ಲುತ್ತೇನೆ. ಅವಳಿಗೆ ಹೆಸರಿಲ್ಲ. ದಂಡದ ಹಣ ಅವಳ ಕೈ ಸೇರುತ್ತದೆಂದು ಪಟವೇನೂ ಹೇಳುವುದಿಲ್ಲ. ಆದರೂ ಪೇಟೆಯ ಬೆನ್ನುಮೂಳೆ ಅವಳೇ. ಗಾಡಿ ಹೋಗದ ದಾರಿಯಲ್ಲಿ ಸರಕು ಅವಳ ತಲೆಯ ಮೇಲೆ ನಡೆಯುತ್ತಿತ್ತು. ಅವಳ ಮೇಲೆ ಉಳ್ಳವರ ಮಕ್ಕಳ ಕಣ್ಣು ಬೀಳುತ್ತಿತ್ತೆಂಬುದೂ ಕಟ್ಟಳೆ ಬರೆಯುವಷ್ಟು ಮಾಮೂಲಾಗಿತ್ತು.

ಪಟದಲ್ಲಿ ಬರುವ ನಾಣ್ಯ ‘ಕೃಷ್ಣರಾಜ ರೂಪಕ’. ಕಲಚುರಿ ಕೃಷ್ಣರಾಜ ಆರನೆಯ ಶತಮಾನದವನು. ಅವನ ಪುಟ್ಟ ಬೆಳ್ಳಿ ನಾಣ್ಯಗಳು, ಒಂದು ಬದಿ ರಾಜನ ಮುಖ, ಇನ್ನೊಂದು ಬದಿ ಮಲಗಿದ ನಂದಿ, ನಾಸಿಕ ಸೀಮೆಯಲ್ಲಿ ಸಿಕ್ಕಿವೆ. ಕಲಚುರಿಗಳನ್ನು ಚಾಲುಕ್ಯರು ಸೋಲಿಸಿ ನೂರು ವರ್ಷ ಕಳೆದಿತ್ತು. ಬಾದಾಮಿಗೆ ತಲೆಬಾಗಿದ್ದ ಮನೆತನವೂ ದಂಡ, ದಾನಗಳ ಲೆಕ್ಕವನ್ನು ಸೋತವರ ನಾಣ್ಯದಲ್ಲೇ ಬರೆಸಬೇಕಾಯಿತು.

ಘೋಟಿಗೆ ಇನ್ನೂ ಹತ್ತಿರ ಇಗತ್‌ಪುರಿ ಬಳಿಯ ತ್ರಿಂಗಲವಾಡಿ ಕೋಟೆ, ಅದರ ಬುಡದಲ್ಲಿ ಜೈನ ಗುಹೆ. ಒಳಗೆ ವೃಷಭನಾಥನ ಪೀಠದ ಮೇಲೆ ಶಕ 1266, ಅಂದರೆ ಕ್ರಿ.ಶ. 1344ರ ತೇದಿ ಇದೆ. ಆ ಹೊತ್ತಿಗೆ ಸೇವುಣರ ರಾಜ್ಯ ಅಳಿದು ದೇವಗಿರಿ ದೌಲತಾಬಾದಾಗಿತ್ತು, ಮೂರು ವರ್ಷದಲ್ಲಿ ಬಹಮನಿಗಳು ತಲೆಯೆತ್ತಲಿದ್ದರು. ಅಷ್ಟು ಅಲ್ಲೋಲಕಲ್ಲೋಲದ ನಡುವೆ ಈ ಘಾಟಿನ ನೆತ್ತಿಯಲ್ಲಿ ಒಂದು ಪೀಠ ಕೆತ್ತಿಸಲು ಹಣವೂ ನೆಮ್ಮದಿಯೂ ಇದ್ದವರು ಯಾರು? ದಾರಿ ನಂಬಿ ಬದುಕಿದ ವರ್ತಕರೇ ಇರಬೇಕು; ಸರಕು ಘಾಟು ಹತ್ತುವುದು ಆಗಲೂ ನಿಂತಿರಲಿಲ್ಲ.