ಕಪ್ಪು ಪೈನ್ ಬೋನ್ಸಾಯ್: ಕುಂಡ ಬದಲಿಸುವ ಕಾಲ

ಜಪಾನಿನ ಕಪ್ಪು ಪೈನ್ ಬೋನ್ಸಾಯ್‌ನ ಕುಂಡ ಬದಲಿಸಿ ಬೇರು ಸವರಲು ತಕ್ಕ ಕಾಲ ಚಳಿಗಾಲದ ಕೊನೆ, ವಸಂತದ ಆರಂಭ. ಜಪಾನಿನ ಬಹುಭಾಗದಲ್ಲಿ ಮಾರ್ಚ್–ಏಪ್ರಿಲ್. ಆದರೆ ಕ್ಯಾಲೆಂಡರಿಗಿಂತ ಮೊಗ್ಗನ್ನು ನಂಬುವುದು ಮೇಲು: ತುದಿಮೊಗ್ಗು ಉಬ್ಬತೊಡಗಿರಬೇಕು, ಹೊಸ ಸೂಜಿಗಳು ಬಿಚ್ಚಿಕೊಂಡಿರಬಾರದು. ಆಗ ಕತ್ತರಿಸಿದಲ್ಲಿ ಹೊಸ ಬೇರು ಬೇಗ ಒಡೆಯುತ್ತದೆ. ನಡುಬೇಸಿಗೆಯಲ್ಲಾದರೆ ಸೂಜಿಗಳಿಂದ ಆವಿಯಾಗುವಷ್ಟು ನೀರನ್ನು ಮೊಟಕಾದ ಬೇರು ಒದಗಿಸಲಾರದು. ಬಲಿತ ಮರಕ್ಕೆ 3–5 ವರ್ಷಕ್ಕೊಮ್ಮೆ ಸಾಕು. ಹಾಕಿದ ನೀರು ಇಂಗದೆ ಮೇಲೆಯೇ ನಿಲ್ಲತೊಡಗಿದರೆ ಸಮಯ ಬಂದಿತೆಂದೇ ಅರ್ಥ. ಬೇರಿಗೆ ಅಂಟಿದ ಬಿಳಿ ಬೂಷ್ಟಿನಂಥ ಶಿಲೀಂಧ್ರ ರೋಗವಲ್ಲ, ಪೋಷಕ. ಅದನ್ನು ಪೂರ್ತಿ ತೊಳೆದುಹಾಕುವುದು ಅತ್ಯುತ್ಸಾಹ. ಹಳೆಯ ಮಣ್ಣನ್ನು ಒಂದು ಬದಿಯಲ್ಲಿ ಮಾತ್ರ ತೆಗೆದು, ಇನ್ನೊಂದು ಬದಿಯನ್ನು ಮುಂದಿನ ಸರದಿಗೆ ಬಿಡುವ ಪದ್ಧತಿಯೂ ಉಂಟು. ಬೇರು ಸವರಿದ ವರ್ಷ ಬೇಸಿಗೆಯಲ್ಲಿ ಚಿಗುರು ಕತ್ತರಿಸುವುದಿಲ್ಲ.