ಆರು ಗರ್ಭಪಾತಗಳ ಅಂತರ: ಥೈರಾಯ್ಡ್ ಪ್ರತಿಕಾಯ ಮತ್ತು ಐವಿಎಫ್ ಚಿಕಿತ್ಸೆಯ ಚರಿತ್ರೆಯಲ್ಲೊಂದು ತಪ್ಪು ಓದು

ಥೈರಾಯ್ಡ್ ಹಾರ್ಮೋನು ಸರಿಯಾಗಿಯೇ ಇದ್ದು, ರಕ್ತದಲ್ಲಿ ಟಿಪಿಒ (ಥೈರಾಯ್ಡ್ ಪೆರಾಕ್ಸಿಡೇಸ್) ಪ್ರತಿಕಾಯ ಮಾತ್ರ ಕಂಡುಬಂದ ಮಹಿಳೆಗೂ ಐವಿಎಫ್‌ಗೆ ಮುನ್ನ ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಲೆವೊಥೈರಾಕ್ಸಿನ್ ಬರೆದುಕೊಡುವ ರೂಢಿಗೆ ಆಧಾರ ಕೇಳಿದರೆ, ಹೆಚ್ಚಿನವರು ಬೊಟ್ಟು ಮಾಡುವುದು ಇಟಲಿಯ ರಾಬರ್ಟೊ ನೆಗ್ರೊ ತಂಡದ 2006ರ ಪ್ರಬಂಧದ ಕಡೆಗೆ. ಪ್ರತಿಕಾಯವಿದ್ದ ಗರ್ಭಿಣಿಯರಲ್ಲಿ ಮಾತ್ರೆ ಪಡೆದವರಿಗೆ ಗರ್ಭಪಾತ ಶೇ. 3.5, ಪಡೆಯದವರಿಗೆ ಶೇ. 13.8. ಈ ಅಂಕಿಗಳನ್ನು ಎತ್ತಿ ಬರೆಯುವವರು ಅವುಗಳ ಹಿಂದಿನ ತಲೆಎಣಿಕೆಯನ್ನು ಹೇಳುವುದೇ ಅಪರೂಪ. ಮೊದಲ ಗುಂಪಿನಲ್ಲಿದ್ದವರು 57, ಎರಡನೆಯದರಲ್ಲಿ 58. ಅಂದರೆ ಗರ್ಭಪಾತಗಳು ಇಲ್ಲಿ 2, ಅಲ್ಲಿ 8. ಒಂದು ಚಿಕಿತ್ಸಾ ಪದ್ಧತಿ ಆರು ಗರ್ಭಪಾತಗಳ ವ್ಯತ್ಯಾಸದ ಮೇಲೆ ನಿಂತಿದೆ. ಅದಕ್ಕಿಂತ ತೊಡಕಿನದು ಕಾಲದ ಲೆಕ್ಕ. ಮಾತ್ರೆ ಶುರುವಾದದ್ದು ಗರ್ಭದ ಸರಾಸರಿ ಹತ್ತನೆಯ ವಾರದ ಸುಮಾರಿಗೆ; ಗರ್ಭಪಾತಗಳಲ್ಲಿ ಬಹುಪಾಲು ನಡೆದದ್ದು ಹನ್ನೊಂದು ವಾರ ತುಂಬುವ ಮೊದಲೇ. ಲೆವೊಥೈರಾಕ್ಸಿನ್ ರಕ್ತದಲ್ಲಿ ಸ್ಥಿರ ಮಟ್ಟಕ್ಕೆ ಬರಲು ಐದಾರು ವಾರ ಹಿಡಿಯುವಾಗ, ಕೆಲವೇ ದಿನಗಳಲ್ಲಿ ಅದು ಗರ್ಭ ಉಳಿಸಿತು ಎನ್ನುವುದನ್ನು ನಂಬುವುದಾದರೂ ಹೇಗೆ? ಮೇಲಾಗಿ ಆ ಪ್ರಬಂಧ ಐವಿಎಫ್ ಕುರಿತದ್ದೇ ಅಲ್ಲ.

ಐವಿಎಫ್ ಕುರಿತದ್ದನ್ನು ಇದೇ ನೆಗ್ರೊ ತಂಡ ಹಿಂದಿನ ವರ್ಷವೇ, 2005ರಲ್ಲಿ, ಪ್ರಕಟಿಸಿತ್ತು. ಪ್ರತಿಕಾಯವಿದ್ದವರಲ್ಲಿ ಹೆರಿಗೆಯವರೆಗೆ ತಲುಪುವವರು ಕಡಿಮೆ, ಆದರೆ ಮಾತ್ರೆಯಿಂದ ಆ ಪ್ರಮಾಣ ಬದಲಾಗಲಿಲ್ಲ ಎಂಬುದೇ ಅದರ ತೀರ್ಮಾನ. ನಿರಾಸೆಯ ಪ್ರಬಂಧ ಮೂಲೆಗೆ ಸರಿಯಿತು, ಭರವಸೆಯದು ಮೆರೆಯಿತು. (ದೋಷ ನೆಗ್ರೊ ಅವರದಲ್ಲ, ಅವರನ್ನು ಅರ್ಧದಷ್ಟೇ ಓದಿದವರದು.) ಇನ್ನೂ ಹಿಂದೆ, 1990ರಲ್ಲಿ ಸಂಶೋಧಕ ಸ್ಟಾಗ್ನಾರೊ-ಗ್ರೀನ್ ಅವರ ತಂಡ 552 ಮಹಿಳೆಯರಲ್ಲಿ ಗರ್ಭಪಾತದ ಪ್ರಮಾಣ ಪ್ರತಿಕಾಯವಿದ್ದರೆ ಶೇ. 17, ಇಲ್ಲದಿದ್ದರೆ ಶೇ. 8.4 ಎಂದು ತೋರಿಸಿದಾಗಲೇ, ಹಾರ್ಮೋನಿನ ಏರಿಳಿತದಿಂದ ಈ ಅಂತರವನ್ನು ವಿವರಿಸಲಾಗದು, ಪ್ರತಿಕಾಯವೊಂದು ಸ್ವತಂತ್ರ ಸೂಚಕ ಎಂದಿತ್ತು. ಸೂಚಕವನ್ನೇ ಕಾರಣವೆಂದು, ಕಾರಣವನ್ನು ಹಾರ್ಮೋನಿನ ಕೊರತೆಯೆಂದು ತಿದ್ದಿಕೊಂಡದ್ದು ಅನಂತರದವರು.

2017ರಲ್ಲಿ ಪ್ರಕಟವಾದ, ಬೀಜಿಂಗ್‌ನಲ್ಲಿ ಐವಿಎಫ್‌ಗೆ ಬಂದ, ಪ್ರತಿಕಾಯವಿದ್ದ 600 ಮಹಿಳೆಯರ ಮೇಲಿನ ಪ್ರಯೋಗದಲ್ಲಿ ಗರ್ಭ ಧರಿಸಿದವರ ಪೈಕಿ ಗರ್ಭಪಾತದ ಪ್ರಮಾಣ, ಮಾತ್ರೆ ಪಡೆದವರಲ್ಲಿ ಶೇ. 10.3, ಪಡೆಯದವರಲ್ಲಿ ಶೇ. 10.6. ಅಂಡಾಶಯ ಪ್ರಚೋದನೆಗೆ ಎರಡರಿಂದ ನಾಲ್ಕು ವಾರ ಮೊದಲಷ್ಟೇ ಮಾತ್ರೆ ಶುರುಮಾಡಿದ್ದು ತಡವಾಯಿತೆಂಬ ಆಕ್ಷೇಪವಿದೆ. ಹತ್ತನೆಯ ವಾರದ ಮಾತ್ರೆಯನ್ನು ಒಪ್ಪಿಕೊಂಡವರ ಬಾಯಲ್ಲಿ ಈ ಮಾತು ಸೋಜಿಗವೇ ಸರಿ. ಅದನ್ನೂ 2019ರ ಬ್ರಿಟನ್ನಿನ ‘ಟ್ಯಾಬ್ಲೆಟ್’ ಹೆಸರಿನ ಪ್ರಯೋಗ ಪರೀಕ್ಷಿಸಿತು: ಗರ್ಭಧಾರಣೆಗೆ ಮುನ್ನವೇ ದಿನಕ್ಕೆ 50 ಮೈಕ್ರೋಗ್ರಾಂ ಶುರುಮಾಡಿದರೂ ಜೀವಂತ ಜನನ ಶೇ. 37.4, ಹುಸಿಮಾತ್ರೆಯವರಲ್ಲಿ ಶೇ. 37.9.

ಗಟ್ಟಿ ಆಕ್ಷೇಪ ಬೇರೊಂದಿದೆ. ಅಂಡಾಶಯ ಪ್ರಚೋದನೆಯಿಂದ ಈಸ್ಟ್ರೋಜನ್ ಏರಿದಾಗ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನೂ ಏರುತ್ತದೆ. ಪ್ರತಿಕಾಯಗಳಿಂದ ಮೊದಲೇ ಸೊರಗಿದ ಗ್ರಂಥಿ ಆ ಬೇಡಿಕೆಗೆ ಸೋಲಬಹುದು. ಒಪ್ಪತಕ್ಕ ಮಾತು. ಆದರೆ ಇದು ಗ್ರಂಥಿ ಸೋತಾಗ ಏರುವ ಹಾರ್ಮೋನಾದ ಟಿಎಸ್‌ಎಚ್ ಅನ್ನು ಮತ್ತೆ ಮತ್ತೆ ಅಳೆಯಲು, ಅದು ಏರಿದವರಿಗೆ ಮಾತ್ರೆ ಕೊಡಲು ಕಾರಣವೇ ಹೊರತು, ಪ್ರತಿಕಾಯ ಕಂಡ ಮಾತ್ರಕ್ಕೆ ಎಲ್ಲರಿಗೂ ಚೀಟಿ ಬರೆಯಲು ಅಲ್ಲ.