ಟ್ಯಾಸ್ಮನ್ ಸಮುದ್ರದ ಎರಡು ದಡ, ಒಂದೇ ಔಷಧ

ನ್ಯೂಜಿಲೆಂಡಿನ ಬೇಸಿಗೆಯಲ್ಲಿ ಗಾಳಿ ತಂಪಾಗಿಯೇ ಇರುತ್ತದೆ. ಆದರೆ ಬಿಸಿಲು ಚರ್ಮವನ್ನು ಬಿಡುವುದಿಲ್ಲ. ಜನವರಿಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರವಿರುತ್ತದೆ, ಆ ಭಾಗದ ಓಜೋನ್ ಪದರ ತೆಳು, ಗಾಳಿಯಲ್ಲಿ ಹೊಗೆ, ದೂಳು ಕಡಿಮೆ. ಹಾಗಾಗಿ ಉತ್ತರಾರ್ಧ ಗೋಳದ ಅದೇ ಅಕ್ಷಾಂಶದ ಊರುಗಳಿಗಿಂತ ಅಲ್ಲಿ ಬೇಸಿಗೆಯ ನೇರಳಾತೀತ ಕಿರಣಗಳು ಸುಮಾರು ಶೇ. 40ರಷ್ಟು ಹೆಚ್ಚು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳಿಂದ ಹಡಗು ಹತ್ತಿ ಬಂದವರ ಬಿಳಿ ತೊಗಲು ಮೋಡದ ನಾಡಿಗೆ ಒಗ್ಗಿದ್ದು. ಈ ಬಿಸಿಲನ್ನು ಅದು ತಾಳಲಿಲ್ಲ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಜಗತ್ತಿನ ಪಟ್ಟಿಯ ತುದಿಗೆ ಏರಿದವು. 1956ರಲ್ಲೇ ಆಸ್ಟ್ರೇಲಿಯಾದ ಸಂಖ್ಯಾಶಾಸ್ತ್ರಜ್ಞ ಹೆನ್ರಿ ಲ್ಯಾಂಕಾಸ್ಟರ್ ಸಾವಿನ ದಾಖಲೆಗಳನ್ನು ಜೋಡಿಸಿ, ಬಿಳಿಯರು ಸಮಭಾಜಕ ವೃತ್ತದ ಕಡೆಗೆ ಸರಿದಷ್ಟೂ ಈ ಕಾಯಿಲೆಯ ಸಾವು ಹೆಚ್ಚುತ್ತದೆ ಎಂದು ತೋರಿಸಿಕೊಟ್ಟಿದ್ದರು.

ಮೆಲನೋಮಾ ಒಂದು ಮಚ್ಚೆಯ ಹಂತದಲ್ಲೇ ಕಣ್ಣಿಗೆ ಬಿದ್ದರೆ ಕತ್ತರಿಸಿ ತೆಗೆದರಾಯಿತು. ಅದು ಶ್ವಾಸಕೋಶ, ಯಕೃತ್ತು, ಮಿದುಳಿಗೆ ಹರಡಿದರೆ ವೈದ್ಯರು ಕೈಚೆಲ್ಲುತ್ತಿದ್ದರು. 1975ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಕಾರ್ಬಜೀನ್ ಎಂಬ ಕೀಮೋ ಔಷಧವೇ ದಶಕಗಳ ಕಾಲ ಮುಖ್ಯ ಆಸರೆಯಾಗಿತ್ತು. ಅದರಿಂದ ಆಯಸ್ಸು ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯೇ ಇರಲಿಲ್ಲ. ರೋಗ ಹರಡಿದವರಲ್ಲಿ ಹೆಚ್ಚಿನವರು ಒಂದು ವರ್ಷ ದಾಟುತ್ತಿರಲಿಲ್ಲ.

2011ರ ಮಾರ್ಚ್‌ನಲ್ಲಿ ಅಮೆರಿಕ ಇಪಿಲಿಮುಮ್ಯಾಬ್‌ಗೆ ಒಪ್ಪಿಗೆ ಕೊಟ್ಟಿತು. ಈ ಔಷಧ ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ; ದೇಹದ ರೋಗನಿರೋಧಕ ಶಕ್ತಿಗೆ ಬಿದ್ದಿರುವ ತಡೆಯನ್ನು ತೆಗೆಯುತ್ತದೆ. ಇದರ ಹಿಂದೆ ಜೇಮ್ಸ್ ಆಲಿಸನ್ ಅವರ ಸಂಶೋಧನೆ ಇತ್ತು. ಜಪಾನಿನ ತಾಸುಕು ಹೊಂಜೊ ಕಂಡುಹಿಡಿದ ಇನ್ನೊಂದು ತಡೆಯ ಜಾಡಿನಲ್ಲಿ 2014ರಲ್ಲಿ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಬಂದವು. 2018ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ಇಪಿಲಿಮುಮ್ಯಾಬ್‌ನ ನಾಲ್ಕು ಡೋಸ್‌ಗೆ ಕಂಪನಿ ಅಮೆರಿಕದಲ್ಲಿ ಇಟ್ಟ ಬೆಲೆ 1,20,000 ಡಾಲರ್. ಅಲ್ಲಿಂದ ಮುಂದೆ ಮೆಲನೋಮಾದ ಕಥೆ ವಿಜ್ಞಾನದ ಕಥೆಯಾಗಿ ಮಾತ್ರ ಉಳಿಯಲಿಲ್ಲ.

ಪೆಂಬ್ರೊಲಿಜುಮ್ಯಾಬ್‌ನ ಮಾರುಕಟ್ಟೆ ಹೆಸರು ಕೀಟ್ರೂಡಾ. ಫ್ರಿಜ್‌ನಲ್ಲಿಡುವ ಪುಟ್ಟ ಗಾಜಿನ ಸೀಸೆ. ಒಳಗಿನ ದ್ರವವನ್ನು ಸಲೈನಿಗೆ ಬೆರೆಸಿ ಮೂರು ವಾರಕ್ಕೊಮ್ಮೆ ಅರ್ಧ ಗಂಟೆ ಡ್ರಿಪ್ ಹಾಕಿದರೆ ಮುಗಿಯಿತು. ರೋಗಿ ಎದ್ದು ಮನೆಗೆ ಹೋಗಬಹುದು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತಮ್ಮ ಮಿದುಳಿಗೆ ಮೆಲನೋಮಾ ಹರಡಿದೆ ಎಂದು 2015ರ ಆಗಸ್ಟ್‌ನಲ್ಲಿ ಹೇಳಿದಾಗ ಅವರಿಗೆ 90 ವರ್ಷ. ಶಸ್ತ್ರಚಿಕಿತ್ಸೆ, ವಿಕಿರಣದ ಜೊತೆಗೆ ಕೀಟ್ರೂಡಾ ಕೊಡಲಾಯಿತು. ಡಿಸೆಂಬರ್‌ನಲ್ಲಿ ಅವರು ತಮ್ಮ ಊರಾದ ಪ್ಲೇನ್ಸ್‌ನ ಚರ್ಚಿನಲ್ಲಿ ಭಾನುವಾರದ ಪಾಠ ಹೇಳುತ್ತಾ, ಸ್ಕ್ಯಾನಿನಲ್ಲಿ ಕ್ಯಾನ್ಸರ್ ಕಾಣುತ್ತಿಲ್ಲ ಎಂದರು. ಆಮೇಲೆ ಒಂಬತ್ತು ವರ್ಷ ಬದುಕಿದರು.

ಆ ಸುದ್ದಿಯನ್ನು ನ್ಯೂಜಿಲೆಂಡಿನ ರೋಗಿಗಳೂ ಓದಿದರು. ಪಕ್ಕದ ಆಸ್ಟ್ರೇಲಿಯಾದಲ್ಲಿ 2015ರ ಸೆಪ್ಟೆಂಬರ್ 1ರಿಂದಲೇ ಕೀಟ್ರೂಡಾ ಸರ್ಕಾರಿ ಯೋಜನೆಗೆ ಸೇರಿತ್ತು. ರೋಗಿ ಒಂದು ಚೀಟಿಗೆ ಕೊಡಬೇಕಾದದ್ದು ಹೆಚ್ಚೆಂದರೆ ಸುಮಾರು 38 ಡಾಲರ್. ನ್ಯೂಜಿಲೆಂಡಿನಲ್ಲಿ ಅದೇ ಔಷಧವನ್ನು ಸ್ವಂತ ದುಡ್ಡಿನಲ್ಲಿ ಕೊಂಡರೆ ಖರ್ಚು ಲಕ್ಷ ಡಾಲರ್ ದಾಟುತ್ತಿತ್ತು. ಡ್ರಿಪ್ ಹಾಕಿಸಿಕೊಳ್ಳಲು ಖಾಸಗಿ ಕ್ಲಿನಿಕ್ಕಿಗೇ ಹೋಗಬೇಕಿತ್ತು, ಅದರ ಬಿಲ್ ಬೇರೆ. ಆಸ್ಟ್ರೇಲಿಯಾದಲ್ಲಿ ನೆಲೆಸಿದ ನ್ಯೂಜಿಲೆಂಡ್ ಪ್ರಜೆಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೌಲಭ್ಯ ಸಿಗುತ್ತದೆ. ಹಾಗಾಗಿ ಒಂದೇ ದೇಶದ ಪಾಸ್‌ಪೋರ್ಟ್ ಇರುವ ಇಬ್ಬರಲ್ಲಿ ಯಾರಿಗೆ ಔಷಧ ಎಂಬುದನ್ನು ಅವರು ಎರಡು ದೇಶಗಳ ನಡುವಿನ ಟ್ಯಾಸ್ಮನ್ ಸಮುದ್ರದ ಯಾವ ದಡದಲ್ಲಿ ಮನೆ ಮಾಡಿದ್ದಾರೆ ಎಂಬುದೇ ತೀರ್ಮಾನಿಸುತ್ತಿತ್ತು.

ಇದಕ್ಕೆ ಕಾರಣ ನ್ಯೂಜಿಲೆಂಡಿನ ಔಷಧ ಖರೀದಿಯ ಪದ್ಧತಿ. 1938ರ ಸಾಮಾಜಿಕ ಭದ್ರತೆ ಕಾನೂನಿನಿಂದ ಆ ದೇಶ ಎಲ್ಲರಿಗೂ ಸರ್ಕಾರಿ ಚಿಕಿತ್ಸೆಯ ದಾರಿ ಹಿಡಿದಿತ್ತು. ಔಷಧದ ಖರ್ಚು ಕೈಮೀರತೊಡಗಿದಾಗ 1993ರಲ್ಲಿ ಫಾರ್ಮ್ಯಾಕ್ ಎಂಬ ಸಂಸ್ಥೆ ಹುಟ್ಟಿತು. ವರ್ಷಕ್ಕೆ ಇಷ್ಟೇ ಹಣ, ಅದರಲ್ಲಿ ಹೆಚ್ಚು ಜನರಿಗೆ ಹೆಚ್ಚು ಆರೋಗ್ಯ ಕೊಳ್ಳಬೇಕು ಎಂಬುದು ಅದರ ಕಟ್ಟಳೆ. ಟೆಂಡರ್ ಕರೆದು, ಕಂಪನಿಗಳೊಡನೆ ಹಟ ಹಿಡಿದು ಚೌಕಾಸಿ ಮಾಡಿ, ಸಾಮಾನ್ಯ ಔಷಧಗಳ ಬೆಲೆಯನ್ನು ಅದು ನಿಜಕ್ಕೂ ತಗ್ಗಿಸಿತು. ಫಾರ್ಮ್ಯಾಕನ್ನು ಬರೀ ಕಟುಕ ಎಂದು ಬೈಯುವವರು ಈ ಲೆಕ್ಕವನ್ನು ಮರೆಯಬಾರದು.

ಆದರೆ ಆ ಕಟ್ಟಳೆಗೆ ಬಲಿಯಾಗುವವರೂ ಇದ್ದರು. ಸ್ತನ ಕ್ಯಾನ್ಸರಿನ ಹರ್ಸೆಪ್ಟಿನ್‌ಗೆ ಫಾರ್ಮ್ಯಾಕ್ ಒಂಬತ್ತು ವಾರದ ಚಿಕಿತ್ಸೆಗಷ್ಟೇ ಹಣ ಕೊಡುತ್ತಿತ್ತು. 2008ರ ಚುನಾವಣೆಯಲ್ಲಿ ಹನ್ನೆರಡು ತಿಂಗಳು ಕೊಡುತ್ತೇವೆ ಎಂದು ಮಾತು ಕೊಟ್ಟ ಜಾನ್ ಕೀ ಗೆದ್ದು, ಸಂಸ್ಥೆಯನ್ನು ಬದಿಗಿಟ್ಟು ಸರ್ಕಾರದಿಂದಲೇ ಕೊಡಿಸಿದರು. ಕೀಟ್ರೂಡಾದ ಸರದಿ ಬಂದಾಗ ಪ್ರಧಾನಿ ಅದೇ ಕೀ. ಬೆಲೆ ವಿಪರೀತ, ಪುರಾವೆ ಇನ್ನೂ ಎಳೆಯದು ಎಂದು ಫಾರ್ಮ್ಯಾಕ್ ಅದನ್ನು ಕೆಳ ಆದ್ಯತೆಯ ಪಟ್ಟಿಗೆ ಹಾಕಿತು. 2016ರ ಮಾರ್ಚ್‌ನಲ್ಲಿ ರೋಗಿಗಳು, ಅವರ ಮನೆಯವರು ಹನ್ನೊಂದು ಸಾವಿರಕ್ಕೂ ಹೆಚ್ಚು ಸಹಿಗಳ ಮನವಿ ಹಿಡಿದು ವೆಲ್ಲಿಂಗ್ಟನ್ನಿನ ಸಂಸತ್ ಭವನದ ಮೆಟ್ಟಿಲಿಗೆ ಬಂದರು. ತಾವು ಗೆದ್ದರೆ ಔಷಧ ಕೊಡಿಸುವುದಾಗಿ ವಿರೋಧ ಪಕ್ಷ ಘೋಷಿಸಿತು. ಬಜೆಟ್‌ನಲ್ಲಿ ಫಾರ್ಮ್ಯಾಕ್‌ಗೆ ನಾಲ್ಕು ವರ್ಷಕ್ಕೆ 124 ದಶಲಕ್ಷ ಡಾಲರ್ ಹೆಚ್ಚುವರಿ ಹಣ ಸಿಕ್ಕಿತು. ಪ್ರತಿಸ್ಪರ್ಧಿ ಔಷಧ ನಿವೊಲುಮ್ಯಾಬ್ ಜುಲೈ 1ರಿಂದ, ಕೀಟ್ರೂಡಾ ಸೆಪ್ಟೆಂಬರ್ 1ರಿಂದ ಸರ್ಕಾರಿ ಖರ್ಚಿಗೆ ಬಂದವು. ಆಸ್ಟ್ರೇಲಿಯಾಕ್ಕಿಂತ ಸರಿಯಾಗಿ ಒಂದು ವರ್ಷ ತಡ. ಮೆಲನೋಮಾದಿಂದ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಜನ ಸಾಯುತ್ತಿದ್ದ ಪುಟ್ಟ ದೇಶಕ್ಕೆ ಅದು ಸಣ್ಣ ಅವಧಿಯಲ್ಲ.

ಹಾಗೆ ನೋಡಿದರೆ ನ್ಯೂಜಿಲೆಂಡಿನವರು ಅದೃಷ್ಟವಂತರು. ಬೆಲ್‌ಗ್ರೇಡಿನ ಚರ್ಮವೈದ್ಯೆ ಲಿಡಿಯಾ ಕಂಡೋಲ್ಫ್ ಸೆಕುಲೋವಿಚ್ ಮತ್ತು ಸಂಗಡಿಗರು ಯುರೋಪಿನುದ್ದಕ್ಕೂ ಸಮೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ರೋಗ ಹರಡಿದ ಐದು ಸಾವಿರಕ್ಕೂ ಹೆಚ್ಚು ಮಂದಿಗೆ ಪ್ರತಿವರ್ಷ ಹೊಸ ಔಷಧ ದಕ್ಕುತ್ತಲೇ ಇರಲಿಲ್ಲ. ಕೊರತೆಯ ಭಾರ ಬಿದ್ದದ್ದು ಪೂರ್ವ ಮತ್ತು ಆಗ್ನೇಯ ಯುರೋಪಿನ ಮೇಲೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಔಷಧದ ನಿಜ ಬೆಲೆಯನ್ನು ಬಹಿರಂಗಪಡಿಸಬೇಕೆಂದು ಇಟಲಿಯ ಮುಂದಾಳತ್ವದಲ್ಲಿ ವಿಶ್ವ ಆರೋಗ್ಯ ಸಮಾವೇಶದಲ್ಲಿ ನಿರ್ಣಯವಾಯಿತು. ಬ್ರಿಟನ್, ಜರ್ಮನಿ, ಹಂಗೇರಿ ಅದರಿಂದ ದೂರ ಸರಿದವು. ಯಾವ ದೇಶಕ್ಕೆ ಎಷ್ಟು ರಿಯಾಯಿತಿ ಎಂಬುದು ಇಂದಿಗೂ ಬಹುಪಾಲು ಗುಟ್ಟಿನ ಒಪ್ಪಂದ. ಪಕ್ಕದವನು ಕೊಟ್ಟ ಬೆಲೆ ಗೊತ್ತಿಲ್ಲದೆ ಬಡ ದೇಶ ಚೌಕಾಸಿಗೆ ಕೂರಬೇಕು. ಇದು ಅನ್ಯಾಯ.

ಭಾರತದಲ್ಲಿ ಮೆಲನೋಮಾ ಅಪರೂಪ. ಬರುವಾಗ ಅದು ಹೆಚ್ಚಾಗಿ ಅಂಗಾಲಿನಲ್ಲೋ ಉಗುರಿನ ಬುಡದಲ್ಲೋ ಕಾಣಿಸಿಕೊಳ್ಳುತ್ತದೆ. ಬಿಸಿಲಿಗೂ ಈ ಬಗೆಯ ಮೆಲನೋಮಾಕ್ಕೂ ಅಷ್ಟಾಗಿ ನಂಟಿಲ್ಲ. ಆಣಿ, ವಾಸಿಯಾಗದ ಗಾಯ ಎಂದುಕೊಂಡು ತಿಂಗಳುಗಟ್ಟಲೆ ತಳ್ಳುವವರು ಬಹಳ. ಹೊಸ ಔಷಧಗಳ ಪರೀಕ್ಷೆ ನಡೆದದ್ದು ಬಹುಪಾಲು ಬಿಳಿಯರ ಮೇಲೆ. ಅಂಗಾಲಿನ ಮೆಲನೋಮಾದಲ್ಲಿ ಅವುಗಳ ಫಲ ಕಡಿಮೆ.

ಬೆಲೆಯ ಗೋಡೆಗೆ ನಮ್ಮಲ್ಲೇ ಒಂದು ಉತ್ತರ ಮೂಡಿದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕತ್ತಿನ ಕ್ಯಾನ್ಸರಿನ ರೋಗಿಗಳಿಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟು ನೋಡಿದರು. ವಾಡಿಕೆಯ ಪ್ರಮಾಣದ ಹತ್ತರಲ್ಲೊಂದು ಪಾಲಿಗೂ ಕಡಿಮೆ. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16ರಿಂದ ಶೇ. 43ಕ್ಕೆ ಏರಿತ್ತು. ಅಂಗಾಲಿನ ಮೆಲನೋಮಾಗೂ ಇಂಥ ಪರೀಕ್ಷೆ ನಡೆಯಬೇಕು. ಕಡಿಮೆ ಔಷಧ ಸಾಕೆಂದು ಸಾಬೀತುಪಡಿಸಲು ಯಾವ ಕಂಪನಿಯೂ ಹಣ ಹಾಕುವುದಿಲ್ಲ, ಸರ್ಕಾರವೇ ಹಾಕಬೇಕು.